ಲೆಕ್ಕಕ್ಕೆ ಬಾರದ ಬಿಸಿ

ಅಂಟಾರ್ಟಿಕಾದ ನಮ್ಮ ನೆಲೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ. ನಾನು ಬೈಲಹೊಂಗಲ ಹತ್ತಿರದ ದೊಡವಾಡದವಳು, ಕಡಲಂಚಿನ ಬಂಡೆಗಳ ಉಷ್ಣಾಂಶ ಅಳೆಯಲು ಹೋಗಿದ್ದೆ. ಇನ್ನೊಬ್ಬರು ಹಿಮದ ಮೇಲೆ ಓಡುವ ಗಾಡಿಗಳ ಮೆಕ್ಯಾನಿಕ್, ರಾಮದುರ್ಗದ ಕಡೆಯ ತೊರಗಲ್‌ನವರು. ಮೊದಲ ದಿನ ಊಟದ ಸಾಲಿನಲ್ಲಿ ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳಿ, "ಬೈಲಹೊಂಗಲ ಕಡೆಯವ್ರೇನ್ರಿ ನೀವು?" ಎಂದು ಹಿಡಿದುಬಿಟ್ಟಿದ್ದರು. ಅಂದಿನಿಂದ ಅವರು ನನಗೆ ಅಣ್ಣಾರು.

ನನ್ನ ಉಪಕರಣ ಕೋಟಿನ ಗುಂಡಿಯಷ್ಟು ದೊಡ್ಡದು. ಬಂಡೆಯ ಬಿರುಕಿನಲ್ಲಿ ಅಂಟಿಸಿಟ್ಟರೆ ಅಲ್ಲಿನ ಬಿಸಿ, ತಂಪು ಎರಡನ್ನೂ ತಾನೇ ದಾಖಲಿಸಿಕೊಳ್ಳುತ್ತದೆ. ನೀರು ಇಳಿದಾಗ ಬಿಸಿಲಿಗೆ ಕಾಯುವ ಬಂಡೆ, ನೀರೇರಿದ ಕೂಡಲೇ ಮತ್ತೆ ಕೊರೆಯುವಷ್ಟು ತಣ್ಣಗಾಗುತ್ತದೆ. ಅದಕ್ಕೆ ಕಚ್ಚಿಕೊಂಡ ಚಿಪ್ಪಿನ ಜೀವಿಗಳು ಇದನ್ನು ಹೇಗೆ ತಾಳುತ್ತವೆ ಎಂಬುದೇ ನನ್ನ ಪ್ರಶ್ನೆ.

ಸಮುದ್ರ ಹೆಪ್ಪುಗಟ್ಟುವ ಮೊದಲು, ಅಲ್ಲಲ್ಲಿ ಅಂಟಿಸಿದ್ದ ಈ ಗುಂಡಿಗಳನ್ನೆಲ್ಲ ವಾಪಸ್ ತರಬೇಕಿತ್ತು. ಸರಿಯಾಗಿ ಆಗಲೇ ನನಗೆ ಜ್ವರ. ಡಾಕ್ಟರು ಹೊರಗೆ ಬಿಡಲಿಲ್ಲ.

"ನಾ ಹೋಗಿ ಬರತೇನಿ ಬಿಡ್ರಿ ಅಕ್ಕಾರ. ಎಲ್ಲೆಲ್ಲಿ ಹಚ್ಚೀರಿ ನೋಡೇನಲ್ಲ," ಎಂದರು ಅಣ್ಣಾರು.

ಇನ್ನೊಬ್ಬ ಸಹೋದ್ಯೋಗಿಯ ಜೊತೆ ಹೋದರು. ಕೊನೆಯ ಗುಂಡಿ ಬಿರುಕಿನಲ್ಲಿ ಗಟ್ಟಿಯಾಗಿ ಕೂತಿತ್ತಂತೆ. ದಪ್ಪ ಕೈಗವಸಿನಿಂದ ಹಿಡಿಯಲಾಗದೆ ಬಲಗೈಯದನ್ನು ಬಿಚ್ಚಿಟ್ಟು ಕಿತ್ತಿದ್ದಾರೆ. ಅಷ್ಟರಲ್ಲಿ ಅಲೆ ಬಡಿದು ತೋಳು ತೊಯ್ದು, ಕೈಗವಸು ಸಮುದ್ರದ ಪಾಲಾಯಿತು. ಗಾಳಿ ಎದ್ದು ಹಿಂದಿರುಗುವುದೂ ತಡವಾಯಿತು. ಬಂದವರು ಮುಷ್ಟಿ ಬಿಚ್ಚಲಾರದೆ ಬಾಗಿಲಲ್ಲಿ ನಿಂತರು. ಒಳಗೆ ಗುಂಡಿ ಇತ್ತು. ಮುಂದೆ ಚಳಿಗೆ ಸತ್ತುಹೋದ ಎರಡು ಬೆರಳುಗಳ ತುದಿ ಕತ್ತರಿಸಬೇಕಾಯಿತು.

ಆ ಅಧ್ಯಯನದ ಬಲದಿಂದ ನನಗೆ ಧಾರವಾಡದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅವರು ಊರಿಗೆ ಮರಳಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟರು. ನಿನ್ನ ತಪ್ಪೇನೂ ಇಲ್ಲ ಎಂದು ಎಲ್ಲರೂ ಅಂದರು, ಅಣ್ಣಾರೂ ಅಂದರು. ಆದರೂ ಬಿಸಿ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಒಂಥರಾ ಕಸಿವಿಸಿ.

ಹೋದ ಬೇಸಿಗೆಯಲ್ಲಿ ತೊರಗಲ್‌ಗೆ ಹೋದೆ. ಅಂಗಡಿಯಲ್ಲಿ ಸಣ್ಣ ನಟ್ಟೊಂದು ಅವರ ಬೆರಳಿಂದ ಜಾರಿ ಜಾರಿ ಬೀಳುತ್ತಿತ್ತು. ಎತ್ತಿಕೊಡಲೋ ಬೇಡವೋ ತಿಳಿಯದೆ ನಿಂತೆ. ಕೆಲಸ ಬಿಟ್ಟು ಎದ್ದು ನನ್ನನ್ನು ಮನೆಗೆ ಕರೆದೊಯ್ದರು. "ನಾ ತಂದ ಗುಂಡ್ಯಾಗ ಏನ ಬಂದಿತ್ತು, ತೋರಸ್ರಿ," ಅಂದರು.

ಮೊಬೈಲಿನಲ್ಲಿ ಆ ಗುಂಡಿಯ ಉಷ್ಣಾಂಶದ ಇಡೀ ಗ್ರಾಫ್ ತೆರೆದೆ. ಅವರ ಹೆಂಡತಿಯೂ ಬಂದು ಬಗ್ಗಿ ನೋಡಿದರು.

"ತುದೀಗೆ ಇದೇನ್ರಿ, ಹಿಂಗ ಮ್ಯಾಲೆ ಹೋಗೇತಿ?" ಎಂದು ಆಕೆ ಕೇಳಿದರು.

"ಅಣ್ಣಾರ ಕೈ ಬಿಸಿರಿ ಅದು," ಎಂದೆ.

ಬಂಡೆಯಿಂದ ಕಿತ್ತು ಮುಷ್ಟಿಯಲ್ಲಿ ಹಿಡಿದ ಕೂಡಲೇ ಗೆರೆ ಏರಿತ್ತು. ಆಮೇಲೆ ಮೆಲ್ಲಗೆ ಇಳಿಯುತ್ತ ಹೋಗಿತ್ತು. ಆಕೆ ಆ ಇಳಿತವನ್ನು ಬೆರಳಿಂದ ಮುಟ್ಟುತ್ತ ಕೊನೆಯವರೆಗೂ ಹೋದರು.

"ಇದನ್ನೂ ಬರದೀರೇನ್ರಿ ನಿಮ್ಮ ಪುಸ್ತಕದಾಗ?"

"ಇಲ್ರಿ. ಕಲ್ಲಿನ ಬಿಸಿ ಅಲ್ಲ ಅಂತ ಲೆಕ್ಕದಿಂದ ತಗದೇನ್ರಿ."

"ತಗೀಲೇಬೇಕಲ್ಲ, ಕಲ್ಲಿಂದಲ್ಲ ಅದು," ಎಂದು ಅಣ್ಣಾರು ನನ್ನ ಪರ ವಹಿಸಿದರು. ಆಕೆ ಒಳಗೆ ಹೋದರು.

ನಿಯಮದ ಪ್ರಕಾರವೇ ಮಾಡಿದ ಕೆಲಸ. ಗ್ರಾಫಿನ ಆ ತುದಿಯನ್ನು ಕತ್ತರಿಸುವಾಗ ಅದು ಯಾರ ಕೈ ಎಂದು ಗೊತ್ತಿದ್ದೂ ನಾನು ಒಂದು ಕ್ಷಣವೂ ತಡೆದಿರಲಿಲ್ಲ. ಅದೇ ಈಗ ಚುಚ್ಚತೊಡಗಿತು.

ಸ್ವಲ್ಪ ಹೊತ್ತಿಗೆ ಆಕೆ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟು, "ಉಣ್ರಿ," ಎಂದರು. ನನ್ನ ಮುಖ ನೋಡಲಿಲ್ಲ. ಒಂದು ಚೂರೂ ಬಿಡದೆ ಉಂಡೆ.