ಬಿಸಿಲು ಕಾಣದ ಬಟ್ಟೆ

ಬೆಳಗಿನ ಐದೂವರೆ. ಹಾಸಿಗೆ ಹಿಡಿದವರ ವಾರ್ಡಿನಲ್ಲಿ ಆಯಾ ಬಿಸಿನೀರಿಗೆ ಬಟ್ಟೆ ಅದ್ದುವ ಮೊದಲು ಅದನ್ನು ಮೂಗಿಗೆ ಹಿಡಿದು ಮುಖ ಸಿಂಡರಿಸುತ್ತಾರೆ. ಬಟ್ಟೆ ಮುಗ್ಗಲು ನಾರುತ್ತಿದೆ.

"ಇದನ್ನ ನಿಮ್ಮ ಅಮ್ಮನ ಮುಖಕ್ಕೆ ಮುಟ್ಟಿಸ್ತೀರಾ?" ಎಂದು, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳಿ, ನಿನ್ನೆ ರಾತ್ರಿ ಮನೆಯ ಹಳೆ ಹೊದಿಕೆ ಹರಿದು ತಂದ ತುಂಡುಗಳನ್ನು ಚೀಲದಿಂದ ತೆಗೆಯುತ್ತಾರೆ.

ಹದಿನಾಲ್ಕು ಹಾಸಿಗೆ, ಒಬ್ಬೊಬ್ಬರಿಗೆ ಎರಡೆರಡು ಬಟ್ಟೆ. ಮೂಲೆಯಲ್ಲಿ ಕೆಂಪು ದಾರವಿದ್ದರೆ ಮುಖಕ್ಕೆ, ಇಲ್ಲದ್ದು ಸೊಂಟದ ಕೆಳಗೆ. ಆಯಾ ಇಲ್ಲಿ ದುಡಿದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವು ಅದಲುಬದಲಾಗಿಲ್ಲ. ಅವರಿಗೆ ಈ ಕೆಲಸ ಕಲಿಸಿದ್ದು ಪಾರ್ಶ್ವವಾಯು ಬಡಿದ ಅವರ ಅತ್ತೆ. "ನಾಲ್ಕು ವರ್ಷ ಮಲಗಿದ್ರು. ಬೆನ್ನಲ್ಲಿ ಒಂದು ಹುಣ್ಣೂ ಆಗೋಕೆ ಬಿಡ್ಲಿಲ್ಲ ನಾನು. ಬಾಯಿ ಮಾತ್ರ ಕೊನೇವರೆಗೂ ಜೋರಿತ್ತು."

ಕಿಟಕಿ ಪಕ್ಕ ಮಲಗಿರುವ ನಿವೃತ್ತ ಬಸ್ ಚಾಲಕರು ಛೇಡಿಸುತ್ತಾರೆ: "ಈಯಮ್ಮ ನನ್ನ ಕಿವಿ ಹಿಂದೆ ಒರೆಸೋ ಹೊತ್ತಲ್ಲಿ ನಾನು ಇಡೀ ಬಸ್ ತೊಳೀತಿದ್ದೆ."

ಅವರನ್ನು ಮಗ್ಗುಲಿಗೆ ಹೊರಳಿಸಿದಾಗ ನನ್ನ ನಗು ನಿಲ್ಲುತ್ತದೆ. ಬೆನ್ನ ತುಂಬ ದದ್ದು. ಇನ್ನೂ ಐವರಿಗೆ ಹೀಗೇ ಆಗಿದೆ. ಕಾರಣ ಹುಡುಕಲು ದೊಡ್ಡ ತಲೆ ಬೇಕಿಲ್ಲ. ಎರಡು ತಿಂಗಳ ಹಿಂದೆ ಆಸ್ಪತ್ರೆ ನೋಡಲು ಬಂದ ಗಣ್ಯರ ಫೋಟೋದಲ್ಲಿ, ತಾರಸಿಯಲ್ಲಿ ಒಣಗುತ್ತಿದ್ದ ಈ ಬಟ್ಟೆಗಳೂ ಕಾಣಿಸಿಕೊಂಡವು. ಆಸ್ಪತ್ರೆಯ ಮಾನ ಹೋಯಿತಂತೆ. ಮೇಲ್ವಿಚಾರಕರು ತಾರಸಿಗೆ ಬೀಗ ಜಡಿದು, ಕಿಟಕಿಯಿಲ್ಲದ ಉಗ್ರಾಣದಲ್ಲಿ ಹಗ್ಗ ಕಟ್ಟಿಸಿದರು. ಅಲ್ಲಿ ಬಟ್ಟೆ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಮೂರು ಸಲ ಹೋಗಿ ಹೇಳಿದ ಆಯಾಗೆ "ನಿನ್ನ ಕೆಲಸ ನೋಡ್ಕೋ" ಎಂಬ ಉತ್ತರ ಸಿಕ್ಕಿತು. ಮನೆಗೆ ಒಯ್ದು ಒಣಗಿಸುತ್ತೇನೆಂದರೆ, ಆಸ್ಪತ್ರೆಯ ಸ್ವತ್ತು ಗೇಟು ದಾಟಬಾರದಂತೆ.

ಈಗ ದದ್ದು ಎದ್ದ ಮೇಲೆ ನೋಟಿಸ್ ಬಂದಿದೆ, ಅದೂ ಆಯಾ ಹೆಸರಿಗೆ. ಸ್ವಚ್ಛತೆಯಲ್ಲಿ ನಿರ್ಲಕ್ಷ್ಯ ತೋರಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳಿದ್ದಾರೆ. ಓದಿ ನನ್ನ ಮೈಯೆಲ್ಲ ಉರಿಯಿತು. ಬೀಗ ಹಾಕಿಸಿದವರು ಯಾರೆಂದು ಅದರಲ್ಲಿ ಒಂದಕ್ಷರವೂ ಇಲ್ಲ. ಹೊಲಸನ್ನು ದಿನಾ ಕೈಯಾರೆ ತೊಳೆಯುವವರ ತಲೆಗೇ ಹೊಲಸು ಕಟ್ಟುವ ಈ ಜಾಣತನಕ್ಕೆ ನಾಚಿಕೆಯಾದರೂ ಬೇಡವೇ?

ನಾಳೆ ವಿಚಾರಣೆ. ತಪ್ಪೊಪ್ಪಿಕೊಂಡು ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆಂದು ಗುಮಾಸ್ತರು ಮೆಲ್ಲಗೆ ಹೇಳಿ ಹೋಗಿದ್ದಾರೆ. ಆಯಾ ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

"ಸಹಿ ಹಾಕ್ತೀರಾ?" ಎಂದು ಕೇಳುತ್ತೇನೆ.

ಆಯಾ ಉಗ್ರಾಣದ ಹಗ್ಗದಿಂದ ಒಂದು ಬಟ್ಟೆ ತೆಗೆದು, ಹಸಿಯಾಗಿರುವಂತೆಯೇ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಹಾಕ್ತೀನಿ. ಮೊದ್ಲು ಸಾಹೇಬ್ರು ಇದ್ರಲ್ಲಿ ಮುಖ ಒರೆಸ್ಕೊಳ್ಳಲಿ."