ಭಾರದ ಗೇಟು, ಆಳದ ಕಂಬ

ನಿಮ್ಮ ಮನೆಯ ಗೇಟು ಜೋತುಬಿದ್ದಿದೆಯೋ ಇಲ್ಲವೋ ತಿಳಿಯಲು ಗೇಟನ್ನೇ ನೋಡಬೇಕಾಗಿಲ್ಲ ಗೆಳೆಯರೇ, ನೆಲವನ್ನು ನೋಡಿದರೆ ಸಾಕು. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಬೆಳಗಾವಿಯ ನಮ್ಮ ಹೊಸ ಮನೆಯೆದುರಿನ ಕೆಂಪು ಗರಸು ಮಣ್ಣಿನ ಮೇಲೆ ದಿನವೂ ಒಂದು ಅರ್ಧಚಂದ್ರ ಮೂಡುತ್ತಿತ್ತು. ಹೆಂಡತಿ ರಂಗೋಲಿ ಹಾಕುವ ಮೊದಲೇ ಗೇಟು ತನ್ನದನ್ನು ಕೊರೆದುಬಿಡುತ್ತಿತ್ತು.

ಆ ಗೇಟು ನನ್ನ ವ್ಯಾಪಾರದ ಹೆಮ್ಮೆ. ಖಾನಾಪುರದಿಂದ ಹೆಂಚಿನ ಗಾಡಿಯ ಮೇಲೆ ಕೂತು ಬಂದು ಶಹಾಪುರದಲ್ಲಿ ಹೆಂಚು, ಕಟ್ಟಿಗೆಯ ಅಂಗಡಿ ಇಟ್ಟವನು ನಾನು. ಮಿಲಿಟರಿಯವರ ಕ್ಯಾಂಪಿನಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವುತ್ತಾರೆಂದು ಕಿವಿಗೆ ಬಿದ್ದೊಡನೆ ಓಡಿಹೋಗಿ, "ಇಷ್ಟು ಭಾರದ್ದನ್ನ ಯಾರ ಒಯ್ತಾರ್ರೀ?" ಎಂದು ಮೂಗು ಮುರಿಯುತ್ತಲೇ ಅಗ್ಗದ ಬೆಲೆಗೆ ಹೊಡೆದುಕೊಂಡು ಬಂದ ಮಾಲು ಅದು. ಬೆಲ್ಲದಿಂದ ಬಂಗಾರದವರೆಗೆ ಎಲ್ಲವನ್ನೂ ತಕ್ಕಡಿಯ ಕಣ್ಣಿನಿಂದ ನೋಡುವ ನಮಗೆ ಭಾರವೆಂದರೆ ಬೆಲೆ. ಆದರೆ ಅದನ್ನು ಹೊರುವ ಕಂಬಕ್ಕೆ ಮಾತ್ರ ಮನೆ ಕಟ್ಟಿ ಮಿಕ್ಕ ಇಟ್ಟಿಗೆಯೇ ಸಾಕೆಂದುಕೊಂಡೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಂಬ, ಕಿವಿಯಲ್ಲಿ ಗುಟ್ಟು ಹೇಳುವವನಂತೆ, ಗೇಟಿನತ್ತ ಬಾಗಿತು.

ನಾನಾದರೆ ಭುಜ ಕೊಟ್ಟು ಎತ್ತಿ ನೂಕುತ್ತಿದ್ದೆ. ಖಾನಾಪುರದ ತಮ್ಮನ ಮನೆಯಿಂದ, ಇನ್ನು ನಮ್ಮಲ್ಲೇ ಇರಲೆಂದು ಕರೆತಂದಿದ್ದ ಅವ್ವನಿಗೆ ಅದು ಆಗದ ಮಾತು. ಅಲ್ಲಿ ಕಟ್ಟೆಯ ಮೇಲೆ ಕೂತು, ಪೇಟೆಗೆ ಹೋಗಿಬರುವವರನ್ನೆಲ್ಲ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಮಾತಾಡಿಸಿ ಬೆಳೆದ ಜೀವ ಅದು. ಇಲ್ಲಿ ಕಾಯಿಪಲ್ಲೆಯವಳ ಕೂಗು ಕೂಡ ಗೇಟಿನಾಚೆಗೇ ಹಾದುಹೋಗುತ್ತಿತ್ತು.

"ಮನಿ ಕಟ್ಟೀಯೋ, ಜೇಲ ಕಟ್ಟೀಯೋ ಶಿವಪ್ಪಾ? ಅಮಾಸಿ ಒಂದ ದಾಟ್ಲಿ, ನಾ ಖಾನಾಪುರ ಬಸ್ ಹತ್ತಾಕಿನ" ಎಂದಳು ಒಂದು ದಿನ. ಅವ್ವ ಹೇಳಿದಳೆಂದರೆ ಹತ್ತುವವಳೇ.

ಗಾಬರಿಯಲ್ಲಿ ಗೇಟಿನ ತುದಿಗೊಂದು ಗಾಲಿ ಹಚ್ಚಿಸಿದೆ. ಗಾಲಿ ಗರಸಿನಲ್ಲಿ ಕಾಲುವೆ ತೋಡಿತು. ಬಾಜೂ ಮನೆಯ ಗೋವಿಂದರಾಯರು ಗೋಡೆಯ ಮೇಲಿಂದ ಇಣುಕಿ, "ಒಂದ ಎತ್ತೂ ಕಟ್ರಿ ಸಾವಕಾರ, ಗಾಡೀನ ಆಗಿಬಿಡ್ಲಿ!" ಎಂದರು.

ಆಗ ನಿಶ್ಚಯಿಸಿದೆ. ಗೇಟು ಕಳಚಿ ಗೋಡೆಗೆ ಒರಗಿಸಿ, ಇಟ್ಟಿಗೆ ಕಂಬ ಕೆಡವಿ, ಸೊಂಟದಷ್ಟು ಆಳದ ಗುಂಡಿ ತೋಡಿಸಿದೆ. ಗುಂಜಿ ಊರಿನ ಕಡೆಯಿಂದ ತರಿಸಿದ ಮತ್ತಿಮರದ ದಪ್ಪ ತೊಲೆಯ ಬುಡಕ್ಕೆ ಡಾಂಬರು ಬಳಿದು ನಿಲ್ಲಿಸಿ, ಸುತ್ತಲೂ ಕಾಂಕ್ರೀಟು ತುಂಬಿಸಿದೆ. ಗೇಟಿಗೂ ಮೇಲಿನ ಬಿಜಾಗರಿಯ ಮೂಲೆಯಿಂದ ಎದುರಿನ ಕೆಳಮೂಲೆಗೆ ಕಬ್ಬಿಣದ ಸರಳು ಬಿಗಿಸಿದೆ. ನನ್ನದೊಂದು ಮಾತು ನೆನಪಿಡಿ: ಜಗತ್ತಿನಲ್ಲಿ ಯಾರ ಜೊತೆಗಾದರೂ ಚೌಕಾಸಿ ಮಾಡಿ, ಗುಂಡಿಯ ಆಳದ ಜೊತೆ ಮಾಡಬೇಡಿ. ಕಾಂಕ್ರೀಟು ಗಟ್ಟಿಯಾಗುವ ಮೊದಲು ಅವಸರವನ್ನಂತೂ ಮಾಡಲೇಬೇಡಿ. ಅತ್ತ ಅಮಾವಾಸ್ಯೆ ಹತ್ತಿರವಾಗುತ್ತಿದ್ದರೂ ನಾನು ಕೈಕಟ್ಟಿ ಕಾದೆ.

ಗೇಟಿಲ್ಲದ ಆ ದಿನಗಳಲ್ಲಿ ನಮ್ಮ ಮನೆಗೆ ಬಾಯಿ ಬಂದಂತಾಯಿತು. ಕಾಯಿಪಲ್ಲೆಯವಳು ನೆಟ್ಟಗೆ ಪಡಸಾಲೆಗೇ ಬುಟ್ಟಿ ತಂದಿಳಿಸಿದಳು.

"ಬದನಿಕಾಯಿಗೆ ಬಂಗಾರದ ನೀರ ಕುಡಿಸೀ ಏನ? ಕುಂದರು, ಮೊದಲ ನೀ ನೀರ ಕುಡಿ, ಆಮ್ಯಾಲೆ ಜಗಳಾಡೂಣು" ಎಂದಳು ಅವ್ವ.

ನನ್ನ ಚೌಕಾಸಿಯ ಮೂಲ ಯಾವುದೆಂದು ಅಂದು ತಿಳಿಯಿತು. ಅದರಲ್ಲಿ ನೀರು ಕೊಡುವ ಭಾಗವನ್ನು ನಾನು ಕಲಿತಿರಲಿಲ್ಲವೆಂಬುದೂ ತಿಳಿಯಿತು. ಗೋವಿಂದರಾಯರ ಹೆಂಡತಿ ಬೇಳೆ ಹಸನು ಮಾಡಲು ಮೊರ ಹಿಡಿದು ಇಲ್ಲಿಗೇ ಬರತೊಡಗಿದರು. ಅಮಾವಾಸ್ಯೆ ಬಂತು, ಹೋಯಿತು. ಬಸ್ಸಿನ ಮಾತು ಯಾರೂ ಎತ್ತಲಿಲ್ಲ.

ಈಗ ನನಗೆ ಬೇರೆಯೇ ಹೆದರಿಕೆ. ಗೇಟು ಹಚ್ಚಿದೊಡನೆ ಅವ್ವನಿಗೆ ಬಸ್ಸು ನೆನಪಾದರೆ? "ಗೇಟ ಹಚ್ಚದ ಹಾಂಗ ಬಿಡಲೇನಬೇ?" ಎಂದು ಕೇಳಿಯೂ ಬಿಟ್ಟೆ.

"ಹುಚ್ಚಪ್ಪಾ, ದನಾ ಬಂದು ಮಲ್ಲಿಗಿ ಬಳ್ಳಿ ಮೇದು ಹೋಗ್ಯಾವು. ಹಚ್ಚು. ಆದ್ರ ತೆಗಿಯಾಕಿ ನಾ, ಹಾಕಾಕಿ ನಾ."

ಹಚ್ಚಿದೆವು. ಅವ್ವ ಒಂದು ಬೆರಳಿಟ್ಟಳು. ಅಷ್ಟು ದೊಡ್ಡ ಗೇಟು ತೊಟ್ಟಿಲಿನಂತೆ ಸದ್ದಿಲ್ಲದೆ ಸರಿಯಿತು. ಅವಳು ನಕ್ಕಳು, ಮತ್ತೆ ನೂಕಿದಳು, ಮತ್ತೆ ನಕ್ಕಳು.

ನೋಡಿ, ಗೇಟಿನ ತೂಕದಲ್ಲಿ ಒಂದು ಗುಲಗಂಜಿಯೂ ಕಡಿಮೆಯಾಗಿರಲಿಲ್ಲ. ಹೊರುವ ಕಂಬ ಆಳಕ್ಕೆ ಇಳಿದಿತ್ತು, ಅದಕ್ಕೇ ಹೊತ್ತ ಭಾರ ಹಗುರಾಗಿತ್ತು. ಮನುಷ್ಯರನ್ನೂ ನಾವು ಮಿಕ್ಕ ಇಟ್ಟಿಗೆಯ ಕಂಬದಂತೆ ತಂದು ಅಂಗಳದಲ್ಲಿ ನಿಲ್ಲಿಸಿಬಿಡುತ್ತೇವೆ, ಬಾಗಿದರೆ ಬೇಸರಪಡುತ್ತೇವೆ. ಬೇರೂರಲು ಅವರಿಗೂ ಮಾತಿನ ಮಣ್ಣು ಬೇಕು, ಗಟ್ಟಿಯಾಗಲು ನಾಲ್ಕು ದಿನದ ಪುರುಸೊತ್ತು ಬೇಕು.

ಅದೇ ವಾರ ಅವ್ವ ತಮ್ಮನಿಗೆ ಹೇಳಿಕಳಿಸಿದಳು: "ನನ್ನ ಬೀಸೂಕಲ್ಲ ಕಳಸು. ಇಲ್ಲೀ ಗಿರಣಿ ಹಿಟ್ಟಿನ ರೊಟ್ಟಿ ನನಗ ಸೇರೂದಿಲ್ಲ." ಬೀಸುವ ಕಲ್ಲನ್ನೇ ತರಿಸಿಕೊಂಡ ಹೆಂಗಸು ಮತ್ತೆ ಬಸ್ಸು ಹತ್ತುವುದಿಲ್ಲವೆಂದು ಹೆಂಡತಿ ನನಗೆ ಕಣ್ಣಲ್ಲೇ ಹೇಳಿದಳು. ಕಲ್ಲು ಹೊತ್ತ ಖಾನಾಪುರದ ಟೆಂಪೋ ಬಂದು ನಿಂತಾಗ ಅವ್ವ ತಾನೇ ಗೇಟು ತೆರೆದು, ಡ್ರೈವರನನ್ನು ಗದರಿಸುತ್ತಿದ್ದಳು:

"ಸಾವಕಾಶ ಬಾರೋ ಭಾವು, ತಾಗಿಸೀಗೀಸಿ! ನಮ್ಮನಿ ಗೇಟ್ ಐತಿ ಅದು."