ಶ್ರಾವಣದಾಗ ಫೆರೆಟ್ಟಿನ ಊಟ

ಕುಷ್ಟಗಿಯ ಅಕ್ಕಾರೊಬ್ಬರ ಮನೆಗೆ ಫ್ರಿಜ್ ರಿಪೇರಿಗೆ ಹೋಗಿದ್ದೆ. ಪಂಜರದಲ್ಲಿ ಮುಂಗುಸಿಯಂಥದ್ದೊಂದು ನನ್ನನ್ನೇ ದಿಟ್ಟಿಸುತ್ತಿತ್ತು.

"ಫೆರೆಟ್ ಅಂತಾರ್ರಿ. ತಂಗಿ ಮಗ ಮೊನ್ನೆ ಬಿಟ್ಟು ಹೋಗ್ಯಾನ. ಪಾಕೀಟಿನ ಕಾಳಿನಂಥ ತಿನಿಸು ಬಿಡಿಸಿ ಹಸಿ ಕೋಳಿ ರೂಢಿ ಮಾಡ್ರಿ ಅಂದಾರ ಡಾಕ್ಟರು. ನಾವು ಮುಟ್ಟೋರಲ್ಲ, ಮ್ಯಾಲೆ ಶ್ರಾವಣ. ನೀವು ತಿನ್ನಿಸ್ತೀರೇನ್ರಿ?"

"ಅಯ್ಯ, ನಮ್ಮನ್ಯಾಗ ಇಂಥವು ಹತ್ತು ಇದ್ದವ್ರಿ," ಎಂದೆ. ನಿಜಕ್ಕೂ ಇದ್ದದ್ದು ಒಂದು ಬೆಕ್ಕು, ಅದೂ ಪಕ್ಕದ ಮನೆಯದು.

ಅಂಗಳದಲ್ಲಿ ಕೂತು, ನೆನೆಸಿದ ಕಾಳಿಗೆ ಅಂಗಡಿಯಿಂದ ಕೊಚ್ಚಿಸಿ ತಂದ ಕೋಳಿ ಕಲಸಿ ಇಟ್ಟೆ. ಮೂಸಿ ಮುಖ ತಿರುಗಿಸಿತು. ಒಂದಿಷ್ಟನ್ನು ಅದರ ತುಟಿಗೆ ಸವರಿದೆ. ನೆಕ್ಕಿ ರುಚಿ ಹತ್ತಿ, ಬಟ್ಟಲನ್ನೇ ಖಾಲಿ ಮಾಡಿತು. ನಾನು ಮೀಸೆ ತಿರುವುವಷ್ಟರಲ್ಲಿ ಹೊರಳಿ ಬಿತ್ತು. ಎತ್ತಿದರೆ ಒದ್ದೆ ಅರಿವೆಯ ಹಾಗೆ ಜೋತಿತು. ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ.

"ಏನ್ ತಿನ್ನಿಸಿದ್ರಿ ಅದಕ್ಕ?" ಹೊಸ್ತಿಲೊಳಗಿಂದ ಅಕ್ಕಾರು ಚೀರಿದರು. ಅವರು ಓಡಿ ಬಂದು ಅದನ್ನು ಮಡಿಲಿಗೆ ಹಾಕಿಕೊಂಡು, ಮೂತಿಯನ್ನು ಸೆರಗಿನಿಂದ ಒರೆಸುತ್ತ, ಅಳುತ್ತಲೇ ತಂಗಿ ಮಗನಿಗೆ ಫೋನ್ ಹಚ್ಚಿದರು.

ಅತ್ತ ಅವನು ನಕ್ಕ. "ಸತ್ತಿಲ್ಲ ದೊಡ್ಡವ್ವ, ಅದು ಮಲಗೋದೇ ಹಂಗ. ಹೊಟ್ಟಿ ನೋಡು, ಉಸಿರಾಡ್ತೈತಿ."

ಸ್ವಲ್ಪ ಹೊತ್ತಿಗೆ ಅದು ಆಕಳಿಸಿತು. ಅಕ್ಕಾರು ಸೆರಗು ನೋಡಿಕೊಂಡರು, ಆಮೇಲೆ ಬೀದಿ ನೋಡಿದರು.

"ಅಣ್ಣಾರ, ಸೆರಗಿಗೆ ಕೋಳಿ ಹತ್ತಿದ್ದು ಯಾರ ಮುಂದೂ ಹೇಳಬ್ಯಾಡ್ರಿ."

ಹುಲಿಗೆಮ್ಮನ ಆಣೆ ಮಾಡಿದೆ. ಇವತ್ತಿಗೂ ಬಾಯಿಬಿಟ್ಟಿಲ್ಲ. ಬರೀಬ್ಯಾಡ್ರಿ ಅಂತ ಮಾತ್ರ ಅವರು ಅಂದಿರಲಿಲ್ಲ.